ಊರಿಗೆ ವಾಪಸ್ ಬಂದು ಹೊಲ ತಗೋತೀರಾ? ಮೊದಲು ಹಳೇ ದಾಖಲೆ ನೋಡ್ರಿ

ಬಸವಕಲ್ಯಾಣ: ಹೈದರಾಬಾದ್, ಪುಣೆ ಬಿಟ್ಟು ಬಸವಕಲ್ಯಾಣ, ಹುಮನಾಬಾದ್ ಕಡೆ ಎರಡೆಕರೆ ಹೊಲ ತಗೊಂಡು, ಅಲ್ಲೇ ಮನೆ ಕಟ್ಟಿ ಎಮ್ಮೆ ಸಾಕಬೇಕು ಅನ್ನೋ ಆಸೆ ಇದೆಯಾ? 2020ರ ಭೂ ಸುಧಾರಣಾ ಕಾಯ್ದೆ ತಿದ್ದುಪಡಿಯಿಂದ ರೈತರಲ್ಲದವರೂ ಕೃಷಿ ಜಮೀನು ಖರೀದಿಸಬಹುದು. ಆದರೆ ಪಹಣಿಯಲ್ಲಿ ಮಾರುವವರ ಹೆಸರು ಇದ್ದರಷ್ಟೇ ಸಾಲದು.

ಆ ಹೊಲ ಹಿಂದೆ ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದಾಗಿರಬಹುದು. ಬಡವರ ಭೂಮಿ ಕೈತಪ್ಪಬಾರದು ಅಂತಲೇ 1978ರ ಪಿಟಿಸಿಎಲ್ ಕಾಯ್ದೆ ಇದೆ. ಸರ್ಕಾರದ ಅನುಮತಿ ಇಲ್ಲದೆ ಕೊಂಡರೆ ಖರೀದಿ ಅಸಿಂಧು, ಜಮೀನು ಮಂಜೂರಾದವರಿಗೋ ಅವರ ವಾರಸುದಾರರಿಗೋ ವಾಪಸ್ ಹೋಗ್ತದೆ. ನಡುವೆ ಎರಡು-ಮೂರು ಕೈ ಬದಲಾಗಿದ್ದರೂ ಅಷ್ಟೇ. 2023ರ ತಿದ್ದುಪಡಿ ನಂತರ ಅರ್ಜಿಗೆ ಕಾಲಮಿತಿಯೂ ಇಲ್ಲ.

ಹಾಗಾಗಿ ಮುಂಗಡ ಕೊಡೋ ಮೊದಲೇ ತಹಶೀಲ್ದಾರ್ ಕಚೇರಿಯಲ್ಲಿ ಹಳೇ ಪಹಣಿ, ಮ್ಯುಟೇಶನ್, ಮಂಜೂರಾತಿ ದಾಖಲೆಯ ನಕಲು ತೆಗೆಸ್ರಿ. ರೊಕ್ಕ ಆಮೇಲೆ.