ತಿರುವೈಯಾರಿಗೆ ಹೊರಟವರ ಚೀಲ

ಪುಷ್ಯ ಬಹುಳ ಪಂಚಮಿ ಬಹುತೇಕ ಜನವರಿಯಲ್ಲೇ ಬರುತ್ತದೆ. 1847ರಲ್ಲಿ ವಾಗ್ಗೇಯಕಾರ ತ್ಯಾಗರಾಜರು ದೇಹ ಬಿಟ್ಟ ತಿಥಿ ಅದು. ಆ ಬೆಳಿಗ್ಗೆ ಕಾವೇರಿ ದಂಡೆಯ ತಿರುವೈಯಾರಿನಲ್ಲಿ, ಅವರ ಸಮಾಧಿಯ ಮುಂದೆ, ಆರಾಧನೆಯ ಅಂಗವಾಗಿ ಅವರ ಪಂಚರತ್ನ ಕೃತಿಗಳ ಗೋಷ್ಠಿಗಾಯನ ನಡೆಯುತ್ತದೆ. ಹೆಸರಾಂತ ವಿದ್ವಾಂಸರು ನೆಲದ ಮೇಲೆ ಸಾಲಾಗಿ ಕೂರುತ್ತಾರೆ. ಅವರ ಹಿಂದೆ ಚಪ್ಪರದ ಉದ್ದಕ್ಕೂ ಬ್ಯಾಂಕ್ ನೌಕರರು, ಶಾಲಾ ಶಿಕ್ಷಕಿಯರು, ನಿವೃತ್ತರು, ಕಾಲೇಜು ಹುಡುಗರು ಇರುತ್ತಾರೆ. ಮನೆಯಲ್ಲಿ ಅಭ್ಯಾಸ ಮಾಡಿಕೊಂಡು, ಕಛೇರಿಯ ಹಂಬಲವಿಲ್ಲದೆ ಸಂಗೀತವನ್ನು ಉಳಿಸಿಕೊಂಡವರು ಇವರು. ದೊಡ್ಡವರ ಜತೆ ಒಂದೇ ಶ್ರುತಿಯಲ್ಲಿ ದನಿಗೂಡಿಸುವ ಇಂಥ ಭಾಗ್ಯ ಅವರಿಗೆ ಬೇರೆಡೆ ಸಿಗುವುದು ಅಪರೂಪ.

ಆದರೆ ಸಭಾಂಗಣ ಬೇರೆ, ಚಪ್ಪರ ಬೇರೆ. ತಂಜಾವೂರು ಸೀಮೆಯ ಜನವರಿಯಲ್ಲಿ ಬೆಳಗಿನ ಜಾವ ಇಬ್ಬನಿ ಬೀಳುತ್ತದೆ, ಹೊತ್ತೇರುತ್ತಿದ್ದಂತೆ ಬಿಸಿಲು ಚುರುಗುಟ್ಟುತ್ತದೆ. ಈ ಎರಡರ ನಡುವೆ ಮರ, ತಂತಿ, ಚರ್ಮ ಯಾವುದೂ ಇದ್ದ ಹಾಗೆ ಇರುವುದಿಲ್ಲ. ಆದ್ದರಿಂದ ಹವ್ಯಾಸಿಯ ಚೀಲದಲ್ಲಿ ಮೊದಲ ಜಾಗ ಶ್ರುತಿ ಉಳಿಸುವ ಸಾಮಾನಿಗೆ. ಬಟ್ಟೆಬರೆ ಆಮೇಲೆ.

ಹೆಚ್ಚು ಆರೈಕೆ ಬೇಡುವುದು ಮೃದಂಗ. ತೇವ ಕುಡಿದ ಚರ್ಮ ಸಡಿಲಗೊಂಡು ಶ್ರುತಿ ಇಳಿಯುತ್ತದೆ, ಬಿಸಿಲಿಗೆ ಒಣಗಿದರೆ ಏರುತ್ತದೆ. ಮನೆಯಲ್ಲಿ ಕೂಡಿಸಿಟ್ಟ ಶ್ರುತಿಯನ್ನು ನಂಬಿ ಹೊರಟವರು ಚಪ್ಪರದಲ್ಲಿ ಪೇಚಿಗೆ ಸಿಕ್ಕುತ್ತಾರೆ. ಅಂಚಿಗೆ ಬಡಿಯುವ ಕಲ್ಲು ಮತ್ತು ಮರದ ತುಂಡು ಕೈಗೆ ಸಿಗುವಂತಿರಬೇಕು. ಪುಟ್ಟ ಡಬ್ಬಿಯಲ್ಲಿ ರವೆಯೂ ಬೇಕು. ನೀರಿನಲ್ಲಿ ಕಲಸಿದ ಆ ರವೆಯನ್ನು ಎಡಮುಖದ ನಡುವೆ ಹಚ್ಚಿದರೇ ಗುಮ್ಮೆನ್ನುವ ನಾದ ಹೊರಡುವುದು. ನುಡಿಸಿದ ಮೇಲೆ ಅದನ್ನು ಕೆರೆದು ತೆಗೆಯಲು ಒಂದು ಚಪ್ಪಟೆ ಕಡ್ಡಿ, ಒರೆಸಲು ಹಳೆಯ ಹತ್ತಿ ಬಟ್ಟೆ. ರಾತ್ರಿ ವಾದ್ಯಕ್ಕೆ ದಪ್ಪ ಬಟ್ಟೆಯ ಗವಸು ತೊಡಿಸಿಯೇ ಮಲಗಬೇಕು. ಘಟ ನುಡಿಸುವವರ ಕಷ್ಟ ಬೇರೆ: ಬಿಗಿ ಮಾಡುವ ದಾರಿಯೇ ಇಲ್ಲದ ವಾದ್ಯವಾದ್ದರಿಂದ ಅಲ್ಲಿನ ಶ್ರುತಿಗೆ ಹೊಂದುವ ಮಡಕೆಯನ್ನೇ ಆರಿಸಿ ಒಯ್ಯಬೇಕು.

ವೀಣೆಯನ್ನು ಒಯ್ಯುವ ಮುನ್ನ ಎರಡು ಸಲ ಯೋಚಿಸಬೇಕು. ಸರಸ್ವತಿ ವೀಣೆಯ 24 ಮೆಟ್ಟಿಲುಗಳು ಕೂತಿರುವುದು ಮೇಣದ ಮೇಲೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟರೆ ಮೇಣ ಮೆತ್ತಗಾಗಿ ಮೆಟ್ಟಿಲು ಜರುಗುತ್ತವೆ. ಅವನ್ನು ಮತ್ತೆ ಕೂರಿಸಿ ಹೊಸದಾಗಿ ಮೇಳ ಕಟ್ಟುವುದು ನುರಿತ ಕೈಗಳ ಕೆಲಸ, ಹಬ್ಬದ ಗದ್ದಲದಲ್ಲಿ ಆಗುವಂಥದ್ದಲ್ಲ. ಪಿಟೀಲು ಇಷ್ಟು ಸೂಕ್ಷ್ಮವಲ್ಲ. ಆದರೂ ಒಂದು ಜತೆ ಪೂರ್ತಿ ತಂತಿ, ರಾಳ, ಬಿರಡೆ ಜಾರಿದರೆ ತಿಕ್ಕಲು ಸೀಮೆಸುಣ್ಣದ ಚೂರು ಇರಲೇಬೇಕು. ಮೊದಲು ಹರಿಯುವುದು ಸಾಮಾನ್ಯವಾಗಿ ತೆಳ್ಳಗಿನ ಮೇಲಿನ ತಂತಿ, ಅದನ್ನು ಎರಡು ಇಟ್ಟುಕೊಂಡರೆ ಒಳ್ಳೆಯದು.

ಧ್ವನಿವರ್ಧಕ, ನಾಗಸ್ವರ, ಜನರ ಮಾತು ಎಲ್ಲ ಸೇರಿದಾಗ ತನ್ನ ತಂತಿ ತನಗೇ ಕೇಳಿಸುವುದಿಲ್ಲ. ಅಂಥಲ್ಲಿ ವಾದ್ಯಕ್ಕೆ ಕಚ್ಚಿಸುವ ಸಣ್ಣ ಟ್ಯೂನರ್ ಬಹಳ ಉಪಕಾರಿ. ಅದು ಗಾಳಿಯ ಸದ್ದನ್ನು ನೆಚ್ಚದೆ ಮರದ ಕಂಪನವನ್ನು ಹಿಡಿಯುತ್ತದೆ. ಷಡ್ಜ, ಪಂಚಮ ಕೂಡಿಸಲು ಇಷ್ಟು ಸಾಕು. ಗಾಂಧಾರದ ವಿಷಯದಲ್ಲಿ ಕಿವಿಯೇ ಪ್ರಮಾಣ. ಎಲೆಕ್ಟ್ರಾನಿಕ್ ತಂಬೂರಿಯನ್ನು ರೂಪಿಸಿದವರಲ್ಲಿ ಮೊದಲಿಗರು ಬೆಂಗಳೂರಿನ ಕೊಳಲು ವಾದಕ, ಎಂಜಿನಿಯರ್ ಜಿ. ರಾಜ್ ನಾರಾಯಣ್. ಅಂಥದೊಂದು ಪೆಟ್ಟಿಗೆ ಜತೆಗಿದ್ದರೆ ತಂಗುವ ಕೋಣೆಯಲ್ಲಿ ಮುಂಜಾನೆ ಗಂಟಲು ಹದಗೊಳಿಸಬಹುದು. ಮೊಬೈಲ್ ಆ್ಯಪ್ ಕೂಡ ಆದೀತು, ಪವರ್ ಬ್ಯಾಂಕ್ ಮಾತ್ರ ಮರೆಯಬಾರದು.

ಹಾಡುವವರ ಸಾಮಾನು ಹಗುರ. ಆದರೆ ಅವರ ಅಸಲಿ ಸರಕು ಬಾಯಿಪಾಠ. ನಾಟ, ಗೌಳ, ಆರಭಿ, ವರಾಳಿ, ಶ್ರೀ ಎಂಬ ಐದು ಘನರಾಗಗಳ ಕೃತಿಗಳು, ಎಲ್ಲವೂ ಆದಿತಾಳ. ಮೊದಲನೆಯದು ಸಂಸ್ಕೃತ, ಉಳಿದ ನಾಲ್ಕು ತೆಲುಗು. ಚರಣಗಳು ಹಲವು, ಸ್ವರ ಹಾಡಿ ಅದರದೇ ಸಾಹಿತ್ಯಕ್ಕೆ ಹೊರಳುವಾಗ ತಪ್ಪಿದರೆ ಮತ್ತೆ ಗುಂಪನ್ನು ಹಿಡಿಯುವುದು ಕಷ್ಟ. ವರಾಳಿಯನ್ನು ಗುರು ಶಿಷ್ಯನಿಗೆ ನೇರವಾಗಿ ಹೇಳಿಕೊಡಬಾರದೆಂಬ ನಂಬಿಕೆ ಬೇರೆ ಇದೆ. ಹಾಗಾಗಿ ನಾಲ್ಕನೆಯ ಕೃತಿಯಲ್ಲಿ ತಡವರಿಸುವವರು ಹೆಚ್ಚು. ಪಾಠಾಂತರಗಳೂ ಒಂದೇ ಅಲ್ಲ. ಹೊರಡುವ ಮುನ್ನ ಗೋಷ್ಠಿಯ ಹಳೆಯ ಧ್ವನಿಮುದ್ರಣ ಕೇಳಿ, ಎಲ್ಲಿ ಸಂಗತಿ ಬದಲಾಗುತ್ತದೆ ಎಂದು ತಮ್ಮದೇ ಗುರುತು ಹಾಕಿಕೊಂಡ, ದಪ್ಪ ಅಕ್ಷರದ ಪುಸ್ತಕವೇ ಮೇಲು. ಬಿಸಿಲಲ್ಲಿ ಮೊಬೈಲ್ ಪರದೆ ಓದಲಾಗದು.

ಆ ಪುಸ್ತಕ ಹಿಡಿದು ಹೆಂಗಸರು ಅಲ್ಲಿ ಕೂರುವಂತಾದದ್ದರ ಹಿಂದೆ ಕನ್ನಡ ನಾಡಿನ ಒಬ್ಬಳ ಛಲವಿದೆ. ನಂಜನಗೂಡಿನಲ್ಲಿ 1878ರಲ್ಲಿ ಹುಟ್ಟಿದ ಗಾಯಕಿ ಬೆಂಗಳೂರು ನಾಗರತ್ನಮ್ಮ ತಮ್ಮ ಸಂಪಾದನೆಯನ್ನು ಸುರಿದು ಸಮಾಧಿಗೆ ಗುಡಿ ಕಟ್ಟಿಸಿದರು. 1925ರಲ್ಲಿ ಅದರ ಪ್ರತಿಷ್ಠೆಯಾಯಿತು. ಗುಡಿ ಕಟ್ಟಿಸಿದವರಿಗೇ ಆರಾಧನೆಯಲ್ಲಿ ಹಾಡಲು ಅವಕಾಶವಿರಲಿಲ್ಲ. ಆಕೆ ಹೆಂಗಸರದೇ ಬೇರೆ ಆರಾಧನೆ ನಡೆಸಿದರು. 1940ರ ಸುಮಾರಿಗೆ ಆರಾಧನೆಯನ್ನು ಬೇರೆ ಬೇರೆಯಾಗಿ ನಡೆಸುತ್ತಿದ್ದ ಬಣಗಳೆಲ್ಲ ಒಂದಾದ ಮೇಲೆ ಗಂಡಸರು ಹೆಂಗಸರು ಕೂಡಿ ಹಾಡುವ ಪದ್ಧತಿ ನೆಲೆಗೊಂಡಿತು. 1952ರಲ್ಲಿ ತೀರಿಕೊಂಡ ನಾಗರತ್ನಮ್ಮನ ಸಮಾಧಿಯೂ ಅಲ್ಲೇ ಹತ್ತಿರದಲ್ಲಿದೆ. ಕರ್ನಾಟಕದಿಂದ ಹೋದವರು ಅಲ್ಲಿಗೆ ಒಂದು ಮೊಳ ಹೂವನ್ನಾದರೂ ಒಯ್ಯಬೇಕು.

ಇನ್ನುಳಿದದ್ದು ಸಣ್ಣಪುಟ್ಟದ್ದು. ಫ್ಲಾಸ್ಕಿನಲ್ಲಿ ಬಿಸಿನೀರು, ಮುಂಜಾನೆಗೆ ಶಾಲು, ಮಡಚುವ ಚಾಪೆ, ಚಪ್ಪಲಿ ಹಾಕಿಡಲು ಬಟ್ಟೆಯ ಚೀಲ. ಚಕ್ಕಳಮಕ್ಕಳ ಹಾಕಿ ಬಹಳ ಹೊತ್ತು ಕೂರಬೇಕಾದ್ದರಿಂದ ಸಡಿಲ ಹತ್ತಿ ಬಟ್ಟೆ. ತಂಜಾವೂರಿನಿಂದ ತಿರುವೈಯಾರಿಗೆ ಸುಮಾರು 13 ಕಿ.ಮೀ. ದೂರ, ಹಬ್ಬದ ದಿನ ಬಸ್ಸುಗಳು ಕಿಕ್ಕಿರಿಯುವುದರಿಂದ ವಾದ್ಯಕ್ಕೆ ಗಟ್ಟಿ ಪೆಟ್ಟಿಗೆಯೇ ಬೇಕು. ಆರಾಧನೆಯ ದಿನಗಳಲ್ಲಿ ವೇದಿಕೆ ಸಿಕ್ಕವರಿಗೂ ದೊರೆಯುವುದು ಕೆಲವೇ ನಿಮಿಷ. ಮೇಲೆ ಹತ್ತಿ ಶ್ರುತಿ ಕೂಡಿಸುತ್ತ ಕೂತರೆ ಅಷ್ಟರಲ್ಲೇ ಸಮಯ ಮುಗಿಯುತ್ತದೆ.

ಇದೇ ಚೀಲವನ್ನು ಬೆಂಗಳೂರಿನ ಚಪ್ಪರಗಳಿಗೂ ಒಯ್ಯಬಹುದು. ಶ್ರೀರಾಮಸೇವಾ ಮಂಡಳಿ 1939ರಲ್ಲಿ ಶುರುಮಾಡಿದ ರಾಮನವಮಿ ಸಂಗೀತೋತ್ಸವದ ಸಂಜೆಗಳನ್ನು ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದಲ್ಲಿ ನೋಡಿದವರಿಗೆ ಏಪ್ರಿಲ್ ಮಳೆಯ ಪರಿಚಯ ಇದ್ದೇ ಇರುತ್ತದೆ. ಅಲ್ಲಿಗೆ ಶಾಲು ಬೇಡ. ಅದರ ಬದಲು ಪೆಟ್ಟಿಗೆಯ ಮೇಲೆ ಹೊದಿಸಲು ದಪ್ಪ ಪ್ಲಾಸ್ಟಿಕ್ ಹಾಳೆ, ಒಂದು ಕೊಡೆ, ಒದ್ದೆ ಒರೆಸಲು ಇನ್ನೊಂದು ಒಣ ಬಟ್ಟೆ ಸೇರಿಸಬೇಕು.