ಶೇ 16.5ರಷ್ಟು ಮತಕ್ಕೆ ಇಷ್ಟು ಬಲವೇ?

ಪ್ರಶ್ನೆ: ಅಂತರರಾಷ್ಟ್ರೀಯ ಹಣಕಾಸು ನಿಧಿಯಲ್ಲಿ (ಐಎಂಎಫ್) ಅಮೆರಿಕದ ಮತ ಶೇ 17ಕ್ಕಿಂತ ಕಡಿಮೆ. ಆದರೂ ಅದು ಬೇಡವೆಂದರೆ ಕೆಲಸ ನಿಲ್ಲುವುದೇಕೆ?

ಉತ್ತರ: ಗುಟ್ಟಿರುವುದು ನಿಯಮದಲ್ಲಿ. ಅಲ್ಲಿ ದೇಶಕ್ಕೊಂದು ಮತವಲ್ಲ. ಕೋಟಾ, ಅಂದರೆ ನಿಧಿಯ ಬಂಡವಾಳದಲ್ಲಿ ದೇಶದ ಪಾಲು, ದೊಡ್ಡದಾದಷ್ಟೂ ಮತ ಹೆಚ್ಚು. ಸಾಲ ಮಂಜೂರಾತಿಗೆ ಸರಳ ಬಹುಮತ ಸಾಕು. ಆದರೆ ಕೋಟಾ ಬದಲಿಸಲು ಶೇ 85 ಮತ ಬೇಕು. ಶೇ 16.5ರಷ್ಟು ಮತವಿರುವ ಅಮೆರಿಕ ಸುಮ್ಮನೆ ಕೂತರೂ ಸಾಕು, ಉಳಿದವರೆಲ್ಲ ಸೇರಿ ಆ ಗೆರೆ ಮುಟ್ಟಲಾರರು.

ಉದಾಹರಣೆಗೆ, 2010ರ ಡಿಸೆಂಬರಿನಲ್ಲಿ ಭಾರತ, ಚೀನಾಗಳ ಪಾಲು ಹೆಚ್ಚಿಸುವ ಸುಧಾರಣೆಗೆ ಐಎಂಎಫ್‌ನ ಗವರ್ನರ್‌ಗಳ ಮಂಡಳಿ ಒಪ್ಪಿತು. ಅಮೆರಿಕ ಸರ್ಕಾರವೂ ತಲೆಯಾಡಿಸಿತ್ತು. ಆದರೆ ಅಲ್ಲಿನ ಸಂಸತ್ತು ಐದು ವರ್ಷ ಜಪ್ಪಯ್ಯ ಎನ್ನಲಿಲ್ಲ! ಕೊನೆಗೆ ಅನುಮೋದನೆ ಸಿಕ್ಕಿದ್ದು 2015ರ ಡಿಸೆಂಬರಿನಲ್ಲಿ. ಜಾರಿಯಾದದ್ದು 2016ರ ಜನವರಿಯಲ್ಲಿ. ಭಾರತ ಮೊದಲ ಹತ್ತು ದೊಡ್ಡ ಸದಸ್ಯರ ಸಾಲಿಗೆ ಸೇರಿದ್ದು ಆಗಲೇ.

ಅಂದಹಾಗೆ, ಇಷ್ಟೆಲ್ಲ ಆದ ಮೇಲೂ ಅಮೆರಿಕದ ಮತ ಶೇ 15ರ ಮೇಲೇ ಉಳಿಯಿತು.