ನಿಮಗಿದು ಗೊತ್ತೆ? ಹಗ್ಗದ ಆಸನ, ಕಂಬಿಯ ಸುತ್ತು

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ್ (1794–1868) ಅವರ ‘ಶ್ರೀತತ್ತ್ವನಿಧಿ’ ಗ್ರಂಥದಲ್ಲಿ 122 ಯೋಗಾಸನಗಳ ಚಿತ್ರಗಳಿವೆ. ಅವುಗಳಲ್ಲಿ ಕೆಲವು ಹಗ್ಗ ಹಿಡಿದು ಮಾಡುವಂಥವು!

ಇಂದಿನ ಜಿಮ್ನಾಸ್ಟ್‌ಗಳಿಗೆ ಹಗ್ಗದ ಬದಲು ಅಡ್ಡಕಂಬಿ.

● ಪೂರ್ಣ ಸುತ್ತು ಹೊಡೆಯುವಾಗ, ಕೆಳಗಿಳಿಯುತ್ತ ಮೈಯನ್ನು ನೀಳವಾಗಿ ಚಾಚುತ್ತಾರೆ. ಗುರುತ್ವಬಲದ ಪೂರ್ಣ ಲಾಭ ಸಿಗುತ್ತದೆ.

● ಮೇಲೇರುವಾಗ ಸೊಂಟ, ಭುಜಗಳನ್ನು ತುಸು ಬಾಗಿಸಿ ಮೈಭಾರವನ್ನು ಕಂಬಿಯತ್ತ ಎಳೆದುಕೊಳ್ಳುತ್ತಾರೆ. ಅಂಗೈಯ ಘರ್ಷಣೆ, ಗಾಳಿಯ ತಡೆಯಿಂದ ಕಳೆದುಹೋದ ಶಕ್ತಿಯನ್ನು ಸ್ನಾಯುಗಳು ತುಂಬಿಕೊಡುತ್ತವೆ.

● ಕಂಬಿ ಬಿಟ್ಟ ಮೇಲೆ ಗಾಳಿಯಲ್ಲಿ ಕೋನೀಯ ಸಂವೇಗವನ್ನು (ತಿರುಗುವ ಚಲನೆಯ ಒಟ್ಟು ಪ್ರಮಾಣವನ್ನು) ಹೆಚ್ಚಿಸಲಾಗದು. ಮೊಣಕಾಲು ಮಡಚಿದರೆ ತಿರುಗುವ ವೇಗ ಹೆಚ್ಚುತ್ತದೆ, ಮೈ ಚಾಚಿದರೆ ತಗ್ಗುತ್ತದೆ. ನೆಲಕ್ಕಿಳಿಯುವ ಮುನ್ನ ಅವರು ಮೈ ಬಿಚ್ಚುವುದು ಇದಕ್ಕಾಗಿಯೇ.